ಮಾವನ ಡಬ್ಬದೊಳಗಿನ ನೀಲಗಿರಿ

ಈಗ ಫೋನಿನಲ್ಲೇ ಎಲ್ಲ ಬಂದುಬಿಟ್ಟಿದೆ. ಒಂದು ಕಡೆ ಒತ್ತಿದರೆ ಫೋಟೋದಲ್ಲಿರುವ ಕರೆಂಟಿನ ತಂತಿ ಮಾಯ. ಇನ್ನೊಂದು ಕಡೆ ಒತ್ತಿದರೆ ಹಿಂದೆ ನಿಂತಿದ್ದ ಅಪರಿಚಿತರು ಮಾಯ. ಮತ್ತೊಂದು, ಬೆಳ್ಳಗಿರುವ ಆಕಾಶವನ್ನು ಕಿತ್ತು ಅಲ್ಲಿ ಕೆಂಪು ಸಂಜೆಯನ್ನು ತಂದು ಕೂರಿಸುತ್ತದೆ. ಬೇಸಿಗೆ ರಜೆಯಲ್ಲಿ ಊಟಿಗೆ ಹೋಗಿಬಂದ ನಮ್ಮ ಗೆಳೆಯರ ಸ್ಟೇಟಸ್‌ಗಳನ್ನು ಸಾಲಾಗಿ ನೋಡಿ. ಅದೇ ಹಸಿರು, ಅದೇ ನೇರಳೆ ಬಣ್ಣದ ಮೋಡ, ಎಲ್ಲೂ ಒಂದು ಕಂಬವಿಲ್ಲ. ಊಟಿಯಲ್ಲಿ ಇಳಿದ ಕೂಡಲೇ ಕಣ್ಣಿಗೆ ಬೀಳುವ ಬಸ್ಸು, ಬೋರ್ಡು, ಜನಜಂಗುಳಿ ಯಾವುದೂ ಇಲ್ಲ.

ನಾನೂ ಫೋಟೋ ತೆಗೆಯುವವನೇ. ಎಡಿಟ್ ಮಾಡುವವನೂ ಹೌದು. ಅದನ್ನು ಬೈಯಲು ಈ ಲೇಖನ ಬರೆಯುತ್ತಿಲ್ಲ. ಕಳೆದ ಒಂದು ವರ್ಷದಿಂದ ನನ್ನ ಸೋದರಮಾವನ ಹಳೆಯ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಏರಿಸಿ ಸರಿಪಡಿಸುತ್ತಿದ್ದೇನೆ. ಆ ಕೆಲಸದಲ್ಲಿ ಸಿಕ್ಕಿದ್ದನ್ನು ನಮ್ಮ ಯುವ ಸಂಘದವರೊಂದಿಗೆ ಹಂಚಿಕೊಳ್ಳೋಣ ಅನ್ನಿಸಿತು. ಕ್ಯಾಲೆಂಡರ್ ವಿಷಯದಲ್ಲಿ ನಾನೇಕೆ ಅಷ್ಟು ಹಟ ಮಾಡಿದೆ ಎಂದು ಕೇಳಿದವರಿಗೂ ಇದರಲ್ಲಿ ಉತ್ತರ ಸಿಗಬಹುದು.

ನನ್ನ ಅಮ್ಮನ ತವರು ಗೂಡಲೂರು. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದರೆ ರಸ್ತೆ ಎರಡಾಗುತ್ತದೆ. ಎಡಕ್ಕೆ ಹೋದರೆ ಮಸಿನಗುಡಿ, ನೇರ ಹೋದರೆ ಗೂಡಲೂರು. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಮುಚ್ಚಿದರೆ ಮತ್ತೆ ತೆರೆಯುವುದು ಬೆಳಗ್ಗೆ ಆರಕ್ಕೆ. ಚಿಕ್ಕಂದಿನಲ್ಲಿ ನಮ್ಮ ಪಯಣವೆಲ್ಲ ಈ ಗಡಿಯಾರಕ್ಕೆ ಕಟ್ಟುಬಿದ್ದಿತ್ತು. ನಮ್ಮಲ್ಲಿ ಅನೇಕರಿಗೆ ಅದು ಬೇರೆ ರಾಜ್ಯ, ಬೇರೆ ಭಾಷೆ. ಆದರೆ 1955ರ ಜುಲೈನಲ್ಲಿ ಊಟಿ ಪ್ರತ್ಯೇಕ ಧರ್ಮಕ್ಷೇತ್ರವಾಗುವವರೆಗೂ ಆ ಬೆಟ್ಟಗಳೆಲ್ಲ ನಮ್ಮ ಮೈಸೂರು ಧರ್ಮಕ್ಷೇತ್ರಕ್ಕೇ ಸೇರಿದ್ದವು. ಊರ ಹೆಸರುಗಳನ್ನು ಕೇಳಿದರೂ ಸಾಕು: ಮಸಿನಗುಡಿ, ಕಲ್ಹಟ್ಟಿ. ಬಡಗರು ಆಡುವ ಮಾತು ಎರಡು ನಿಮಿಷ ಕಿವಿಗೊಟ್ಟರೆ ನಮಗೆ ಅರ್ಧ ಅರ್ಥವಾಗಿಬಿಡುತ್ತದೆ.

ಮಾವ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ನೀಲಗಿರಿಯಲ್ಲಿ ಕರೆಂಟಿನ ಕತೆ ಹಳೆಯದು. ಪೈಕಾರ ನದಿಯ ನೀರನ್ನು ಬೆಟ್ಟದ ಮೇಲಿನಿಂದ ಕೆಳಗಿನ ಸಿಂಗಾರಕ್ಕೆ ಕೊಳವೆಗಳಲ್ಲಿ ಇಳಿಸಿ 1932ರಲ್ಲೇ ವಿದ್ಯುತ್ ತೆಗೆದಿದ್ದರು. ಆಮೇಲೆ ಮೋಯಾರ್‌ನಲ್ಲೂ ಪವರ್‌ಹೌಸ್ ಬಂತು. ಗ್ಲೆನ್‌ಮಾರ್ಗನ್‌ನಿಂದ ಸಿಂಗಾರಕ್ಕೆ ಕಡಿದಾದ ಇಳಿಜಾರಿನಲ್ಲಿ ಹಳಿಯ ಮೇಲೆ ಹಗ್ಗ ಕಟ್ಟಿ ಇಳಿಸುವ ವಿಂಚ್ ಗಾಡಿ ಇತ್ತು. ಅದರಲ್ಲಿ ಕೂತು ಇಳಿದ ಕತೆಯನ್ನು ಮಾವ ಹೇಳಿದಷ್ಟು ಸಲವೂ ಇಳಿಜಾರು ಇನ್ನಷ್ಟು ಕಡಿದಾಗುತ್ತದೆ. ಪ್ರವಾಸಿಗರು ಯಾವತ್ತೂ ಕಾಲಿಡದ ಜಾಗಗಳಿಗೆ ಅವರು ಸಂಬಳ ತೆಗೆದುಕೊಂಡು ಹೋಗುತ್ತಿದ್ದರು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ನಾಲ್ಕು ಜನ ಹೊರಡುತ್ತಿದ್ದರಂತೆ. ಮೂವರ ಹೆಗಲಲ್ಲಿ ಸಾಮಾನು, ಮಾವನ ಹೆಗಲಲ್ಲಿ ಸಾಮಾನಿನ ಜೊತೆ ಒಂದು ಕ್ಯಾಮೆರಾ.

ಕ್ಯಾಮೆರಾ ಎಂದರೆ ಅಗ್ಫಾ ಕ್ಲಿಕ್-3. ಆ ಕಾಲದಲ್ಲಿ ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ಇದ್ದ ಡಬ್ಬಿ ಕ್ಯಾಮೆರಾ. ಒಂದು 120 ರೋಲ್ ಹಾಕಿದರೆ ಹನ್ನೆರಡು ಚೌಕ ಚಿತ್ರ. ಶಟರಿನ ವೇಗವನ್ನು ಬದಲಿಸಲು ಬರುವುದಿಲ್ಲ. ಬಿಸಿಲಿದ್ದರೆ ಹೊಡೆಯಬೇಕು, ಇಲ್ಲದಿದ್ದರೆ ಪ್ರಾರ್ಥನೆ ಮಾಡಿ ಹೊಡೆಯಬೇಕು. ಅದಕ್ಕೆ ಹಾಕುತ್ತಿದ್ದ ಫಿಲ್ಮ್ ಇಂದು. ಅದು ಬೇರೆಲ್ಲಿಂದಲೋ ಬಂದದ್ದಲ್ಲ, ಊಟಿಯದೇ.

ಇದು ನಮ್ಮ ವಯಸ್ಸಿನ ಬಹಳ ಜನರಿಗೆ ಗೊತ್ತಿಲ್ಲ. ಗೂಡಲೂರಿನಿಂದ ಊಟಿಗೆ ಹೋಗುವ ಬಸ್ಸಿನಲ್ಲಿ ಊಟಿ ಇನ್ನೇನು ಬಂತು ಎನ್ನುವಾಗ ಇಂದುನಗರ ಸಿಗುತ್ತದೆ. ಅಲ್ಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಕೇಂದ್ರ ಸರ್ಕಾರದ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿತು. ಫಿಲ್ಮ್ ಮಾಡಲು ಧೂಳಿಲ್ಲದ ಗಾಳಿ, ತಂಪು ಹವೆ, ಶುದ್ಧ ನೀರು ಬೇಕು; ಮೂರೂ ಅಲ್ಲಿದ್ದವು. ಇಂದು ಎಂದರೆ ಚಂದ್ರ. ಪೂರ್ತಿ ಕತ್ತಲಲ್ಲಿ, ಬೆಳ್ಳಿಯ ಲವಣ ಬೆರೆತ ಜೆಲಟಿನ್ ಅನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿಯುವ ಕೆಲಸಕ್ಕೆ ಎಷ್ಟು ಚೆಂದದ ಹೆಸರು! ನಮ್ಮ ತಂದೆತಾಯಿಗಳ ಮದುವೆಯ ಕಪ್ಪುಬಿಳುಪು ಚಿತ್ರಗಳಲ್ಲಿ, ಆಸ್ಪತ್ರೆಯ ಎಕ್ಸ್‌ರೇಗಳಲ್ಲಿ ಎಷ್ಟೋ ಈ ಫಿಲ್ಮಿನ ಮೇಲೆ ಮೂಡಿದವು. ಜಗತ್ತು ಕಲರಿಗೆ, ಆಮೇಲೆ ಡಿಜಿಟಲ್‌ಗೆ ಹೊರಳಿತು. 1990ರ ದಶಕದಲ್ಲೇ ಅದು ರೋಗಗ್ರಸ್ತ ಉದ್ಯಮಗಳ ಪಟ್ಟಿಗೆ ಸೇರಿತ್ತು, ಕಳೆದ ದಶಕದಲ್ಲಿ ಬಾಗಿಲು ಹಾಕಿತು. ಅಂದರೆ ಮಾವನ ಡಬ್ಬದಲ್ಲಿದ್ದ ನೀಲಗಿರಿ, ನೀಲಗಿರಿಯಲ್ಲೇ ತಯಾರಾದ ಫಿಲ್ಮಿನ ಮೇಲೆ ಕೂತಿತ್ತು.

ಡಬ್ಬ ಎಂದರೆ ನಿಜವಾಗಿಯೂ ಬಿಸ್ಕತ್ತಿನ ತಗಡಿನ ಡಬ್ಬ. ಮುಚ್ಚಳ ತೆಗೆದ ಕೂಡಲೇ ಉಪ್ಪಿನಕಾಯಿ ಭರಣಿ ತೆಗೆದಂತೆ ಹುಳಿ ವಾಸನೆ ಬಂತು. ಅತ್ತೆ ಮೂಗು ಮುಚ್ಚಿಕೊಂಡು, ‘ಇದನ್ನು ಎಸೆದುಬಿಡು ಅಂತ ಹತ್ತು ವರ್ಷದಿಂದ ಹೇಳ್ತಾ ಇದ್ದೀನಿ’ ಎಂದರು. ಆ ವಾಸನೆ ವಿನೆಗರ್‌ನದು. ಹಳೆಯ ಫಿಲ್ಮಿನ ಹಾಳೆ ಅಸಿಟೇಟ್‌ನಿಂದ ಮಾಡಿದ್ದು. ಸೆಕೆ ಮತ್ತು ತೇವಕ್ಕೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಮತ್ತೆ ಫಿಲ್ಮನ್ನು ಇನ್ನಷ್ಟು ಬೇಗ ಒಡೆಯುತ್ತದೆ, ಪಕ್ಕದ ಫಿಲ್ಮಿಗೂ ಹಬ್ಬಿಸುತ್ತದೆ. ಹಾಳೆ ಕುಗ್ಗಿ, ಸುರುಳಿಯಾಗಿ, ಕೊನೆಗೆ ಚಿತ್ರವಿರುವ ಪದರ ಸುಕ್ಕುಗಟ್ಟಿ ಎದ್ದುಬರುತ್ತದೆ. ಒಮ್ಮೆ ಶುರುವಾದರೆ ನಿಲ್ಲಿಸಲಾಗದು, ನಿಧಾನ ಮಾಡಬಹುದು ಅಷ್ಟೇ. ಗೂಡಲೂರಿನ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ. ನೆಗೆಟಿವ್‌ಗಳ ಮೇಲೆ ಬೂಷ್ಟು ಬೇರೆ, ಜೇಡರ ಬಲೆಯ ಹಾಗೆ.

ನಿಮ್ಮ ಮನೆಯಲ್ಲೂ ಅಜ್ಜನ ಟ್ರಂಕಿನಲ್ಲಿ ಇಂಥ ಡಬ್ಬ ಇದ್ದೀತು. ಆದ್ದರಿಂದ ಎರಡು ಮಾತು. ವಾಸನೆ ಬಂದ ನೆಗೆಟಿವ್‌ಗಳನ್ನು ಬಾರದವುಗಳಿಂದ ಮೊದಲು ಬೇರೆ ಮಾಡಿ. ಪ್ಲಾಸ್ಟಿಕ್ ಆಲ್ಬಮ್ಮಿನಲ್ಲಿ ತುರುಕಬೇಡಿ, ಕಾಗದದ ಲಕೋಟೆಯಲ್ಲಿಟ್ಟು ಒಣ ಜಾಗದಲ್ಲಿಡಿ. ಬೂಷ್ಟು ಕಂಡಿತೆಂದು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಬೂಷ್ಟು ತಿಂದ ಜೆಲಟಿನ್ ನೀರು ತಾಗಿದರೆ ಚಿತ್ರದ ಸಮೇತ ಕೈಗೆ ಬರುತ್ತದೆ. ಸ್ಕ್ಯಾನರ್ ಇಲ್ಲದಿದ್ದರೂ ಚಿಂತೆಯಿಲ್ಲ. ಬೆಳಕಿನ ಪ್ಯಾಡ್ ಮೇಲೆ ನೆಗೆಟಿವ್ ಹಾಸಿ, ಮೇಲಿನಿಂದ ಸ್ಟ್ಯಾಂಡಿಗೆ ಬಿಗಿದ ಕ್ಯಾಮೆರಾದಲ್ಲಿ ಮ್ಯಾಕ್ರೋ ಲೆನ್ಸ್ ಹಾಕಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪುಬಿಳುಪು ತಿರುಗಿಸಿದರೆ ಆಯಿತು. ನಾನು ಮಾಡಿದ್ದೂ ಅಷ್ಟೇ. ಒಂದೊಂದನ್ನು ಕಡಿಮೆ ಬೆಳಕು, ಸರಿ ಬೆಳಕು, ಹೆಚ್ಚು ಬೆಳಕು ಎಂದು ಮೂರು ಸಲ ತೆಗೆದೆ.

ಈ ಮೂರನೆಯದರಿಂದಲೇ ನನಗೆ ಕೆಲಸದ ರುಚಿ ಹತ್ತಿದ್ದು. ಪೈಕಾರದ ಒಂದು ಚಿತ್ರ. ಅದರ ಹಳೆಯ ಪ್ರಿಂಟು ಮಾವನ ಆಲ್ಬಮ್ಮಿನಲ್ಲಿ ಇದೆ: ಕೆಳಗೆ ಗುಡ್ಡ, ಮೇಲೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿನ ಆಕಾಶ. ನೆಗೆಟಿವ್‌ನಲ್ಲಿ ಆ ಜಾಗ ದಟ್ಟ ಕಪ್ಪು. ಬೆಳಕು ಹೆಚ್ಚಿಸಿ ತೆಗೆದಾಗ ಆ ಕಪ್ಪಿನೊಳಗಿನಿಂದ ಒಂದರ ಹಿಂದೆ ಒಂದು ಮೋಡ ಎದ್ದು ಬಂತು. ಪಶ್ಚಿಮದ ಕಡೆಯಿಂದ ಮಳೆ ಹೊತ್ತು ಬರುತ್ತಿರುವ ಮೋಡಗಳು. ನಲವತ್ತೈದು ವರ್ಷದಿಂದ ಅವು ಅಲ್ಲೇ ಇದ್ದವು. ಆಗಿನ ಸ್ಟುಡಿಯೋದವರು ಎಲ್ಲರಿಗೂ ಒಂದೇ ಅಳತೆಯಲ್ಲಿ ಪ್ರಿಂಟು ಹಾಕಿ ಕೊಡುತ್ತಿದ್ದರು. ಆ ಕಾಗದಕ್ಕೆ ಅಷ್ಟನ್ನು ಹಿಡಿಯುವ ಶಕ್ತಿ ಇರಲಿಲ್ಲ. ಫೋನಿನ ಬಟನ್ ಒತ್ತಿ ಆ ಬಿಳಿ ಜಾಗಕ್ಕೆ ಬೇರೆ ಆಕಾಶ ತಂದಿಡುವುದಕ್ಕೂ, ಅಲ್ಲೇ ಇದ್ದ ಮೋಡವನ್ನು ಹೊರಗೆ ಕರೆಯುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಆಕಾಶ ಬದಲಿಸುವುದು ಇಂದಿನ ಚಾಳಿಯೇನೂ ಅಲ್ಲ. ಮೊದಲ ಕಾಲದ ಗಾಜಿನ ಪ್ಲೇಟುಗಳಿಗೆ ನೀಲಿ ಬಣ್ಣ ವಿಪರೀತ ಬೇಗ ತಾಗುತ್ತಿತ್ತು. ಭೂಮಿ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬೆಳ್ಳಗಾಗಿಬಿಡುತ್ತಿತ್ತು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ಮಾಡಿ ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿ ಜನರನ್ನು ಬೆರಗುಗೊಳಿಸಿದ್ದರು. ಇನ್ನು ಅಮೆರಿಕದ ಆನ್ಸೆಲ್ ಆಡಮ್ಸ್ 1941ರ ನವೆಂಬರ್ 1ರಂದು ನ್ಯೂ ಮೆಕ್ಸಿಕೋದ ಹರ್ನಾಂಡೆಸ್ ಎಂಬ ಹಳ್ಳಿಯ ಮೇಲೆ ಚಂದ್ರ ಹುಟ್ಟುವುದನ್ನು ತೆಗೆದ ಚಿತ್ರ ಫೋಟೋಗ್ರಫಿ ಕಲಿಯುವವರೆಲ್ಲ ನೋಡಿಯೇ ನೋಡುತ್ತಾರೆ. ಅದರಲ್ಲಿ ಒಂದು ಚರ್ಚ್, ಅದರ ಪಕ್ಕ ಬೆಳ್ಳಗೆ ಹೊಳೆಯುವ ಶಿಲುಬೆಗಳು. ಆ ಒಂದೇ ನೆಗೆಟಿವನ್ನು ಅವರು ದಶಕಗಳ ಕಾಲ ಮತ್ತೆ ಮತ್ತೆ ಪ್ರಿಂಟು ಮಾಡಿದರು. ಮೊದಲ ಪ್ರಿಂಟುಗಳಲ್ಲಿ ಆಕಾಶದಲ್ಲಿ ತೆಳು ಮೋಡಗಳಿವೆ, ಕೊನೆಕೊನೆಯವುಗಳಲ್ಲಿ ಆಕಾಶ ಹೆಚ್ಚುಕಡಿಮೆ ಕಪ್ಪು. ನೆಗೆಟಿವ್ ಎಂದರೆ ಸ್ವರ ಬರೆದಿಟ್ಟ ಹಾಳೆ, ಪ್ರಿಂಟು ಎಂದರೆ ಕಛೇರಿ ಎಂಬುದು ಅವರ ತಿಳಿವಳಿಕೆ. ನನಗೆ ಇದು ಒಪ್ಪಿಗೆ. ಹಾಡುವವರು ನಿಧಾನವಾಗಿ ಹಾಡಲಿ, ಬೇಗ ಹಾಡಲಿ. ಬರೆಯದ ಸ್ವರವನ್ನು ಸೇರಿಸಿ ಅದೇ ಕೃತಿ ಎನ್ನಬಾರದು.

ಬಣ್ಣದ ವಿಷಯಕ್ಕೆ ಬರೋಣ. ನಮ್ಮ ಸಂಘದ ಒಬ್ಬ ತಮ್ಮ, ‘ಅಣ್ಣಾ, ಕಪ್ಪುಬಿಳುಪು ಕ್ಯಾಲೆಂಡರ್ ಯಾರು ತಗೋತಾರೆ, ಎಐಗೆ ಹಾಕಿ ಕಲರ್ ಮಾಡೋಣ’ ಎಂದ. ಹಾಕಿ ನೋಡಿದೆವು. ಜನವರಿ ಎಂದು ಮಾವ ಲಕೋಟೆಯ ಮೇಲೆ ಬರೆದಿದ್ದ ಚಿತ್ರ ಅದು, ನಡುವಟ್ಟಂ ಮೇಲಿನ ಒಂದು ಬೋಳು ಗುಡ್ಡ. ಎರಡೇ ನಿಮಿಷದಲ್ಲಿ ಗುಡ್ಡ ಗಿಳಿ ಹಸಿರಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವನಿಗೆ ಕಳಿಸಿದೆ. ಫೋನ್ ಬಂತು: ‘ಮಗಾ, ಇದು ಎಲ್ಲಿಯ ಗುಡ್ಡ?’

ಡಿಸೆಂಬರ್, ಜನವರಿಯಲ್ಲಿ ನೀಲಗಿರಿಯ ಮೇಲ್ಭಾಗದಲ್ಲಿ ಹಿಮದ ಹನಿ ಗಡ್ಡೆಕಟ್ಟುತ್ತದೆ. ಬೆಳಗಿನ ಹೊತ್ತು ಹುಲ್ಲಿನ ಮೇಲೆ ಉಪ್ಪು ಎರಚಿದಂತೆ ಇರುತ್ತದೆ. ಬಿಸಿಲು ಬಿದ್ದ ಮೇಲೆ ಹುಲ್ಲು ಸುಟ್ಟು ರಾಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆ ತಿಂಗಳ ಗುಡ್ಡ ಹಸಿರಲ್ಲ. ಯಂತ್ರಕ್ಕೆ ಅದು ಹೇಗೆ ಗೊತ್ತಾಗಬೇಕು? ಬೆಟ್ಟ ಎಂದರೆ ಹಸಿರು ಎಂದು ಸಾವಿರಾರು ಚಿತ್ರ ನೋಡಿ ಕಲಿತಿದೆ. ನಾವೂ ಹಾಗೇ ಕಲಿತಿದ್ದೇವೆ.

ಅದಕ್ಕೇ ನೀಲಗಿರಿಯ ಹಳೆಯ ಚಿತ್ರಗಳನ್ನು ಮೊದಲ ಸಲ ನೋಡಿದವರು, ‘ಅಯ್ಯೋ, ಕಾಡೆಲ್ಲ ಕಡಿದುಬಿಟ್ಟಿದ್ದಾರೆ’ ಎನ್ನುತ್ತಾರೆ. ಎ.ಟಿ.ಡಬ್ಲ್ಯೂ. ಪೆನ್ ಎಂಬ ಇಂಗ್ಲಿಷ್ ಹುಡುಗ 1865ರಲ್ಲಿ ಊಟಿಗೆ ಬಂದು ಅಲ್ಲೇ ಸ್ಟುಡಿಯೋ ನಡೆಸಿ ದಶಕಗಟ್ಟಲೆ ಚಿತ್ರ ತೆಗೆದರು. ಅವು ಎಲ್ಲೆಲ್ಲೋ ಚದುರಿಹೋಗಿದ್ದವು. ಅವರದೇ ವಂಶದ ಕ್ರಿಸ್ಟೋಫರ್ ಪೆನ್ ಹುಡುಕಿ ಕೂಡಿಸಿ ಪುಸ್ತಕ ಮಾಡಿದ್ದಾರೆ. ಕೇತಿಯಲ್ಲಿ ಕೇಂದ್ರ ಮಾಡಿಕೊಂಡು ಬಡಗರ ನಡುವೆ ಇದ್ದ ಬಾಸೆಲ್ ಮಿಷನ್‌ನವರ ಹಳೆಯ ಚಿತ್ರಭಂಡಾರವನ್ನೂ ಈಗ ಇಂಟರ್‌ನೆಟ್‌ನಲ್ಲಿ ನೋಡಬಹುದು. ಆ ಕಾಲದ ಊಟಿಯ ಚಿತ್ರಗಳಲ್ಲಿ ಉರುಟುರುಟಾದ ಗುಡ್ಡಗಳು ಬೋಳಾಗಿ ನಿಂತಿವೆ, ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒಂದೊಂದು ತುಂಡು ಕಾಡು. ಅದು ಕಡಿದ ಗುರುತಲ್ಲ. ಆ ಬೆಟ್ಟದ ಸ್ವಂತ ಮುಖವೇ ಹಾಗೆ: ಮೇಲೆ ಹುಲ್ಲುಗಾವಲು, ನೀರಿನ ಕಣಿವೆಯಲ್ಲಿ ಶೋಲಾ ಕಾಡು. ತೋಡರ ಎಮ್ಮೆಗಳು ಮೇಯುತ್ತಿದ್ದುದು ಆ ಹುಲ್ಲಿನಲ್ಲಿ. 1840ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಬಂದ ಮರ ಅಲ್ಲಿ ಊರಿತು, ಜೊತೆಗೆ ವ್ಯಾಟಲ್ ಬಂತು, ಚಹಾ ಬಂತು. ತಮಾಷೆ ನೋಡಿ, ಆ ಆಸ್ಟ್ರೇಲಿಯಾದ ಮರವನ್ನು ನಾವು ಕನ್ನಡದಲ್ಲಿ ಕರೆಯುವುದೇ ನೀಲಗಿರಿ ಮರ ಎಂದು! ಬಂದ ಅತಿಥಿಗೆ ಮನೆಯ ಹೆಸರನ್ನೇ ಇಟ್ಟುಬಿಟ್ಟೆವು.

1848ರ ಹೊತ್ತಿಗೆ ಕ್ಯಾಪ್ಟನ್ ಔಕ್ಟರ್‌ಲೋನಿ ಎಂಬ ಅಧಿಕಾರಿ ಇಡೀ ಬೆಟ್ಟವನ್ನು ಅಳೆದು ನಕ್ಷೆ ಮಾಡಿದ್ದರು. ಗೂಡಲೂರಿನ ಪಕ್ಕದ ಓ-ವ್ಯಾಲಿಯ ‘ಓ’ ಆ ಮನೆತನದ ಹೆಸರೇ. ಈಗಿನ ವಿಜ್ಞಾನಿಗಳು ಆ ನಕ್ಷೆಯನ್ನು ಉಪಗ್ರಹ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದಾಗ ಹುಲ್ಲುಗಾವಲಿನ ಬಹುಪಾಲು ಹೋಗಿಬಿಟ್ಟಿರುವುದು ಕಂಡಿದೆ. ಅಂದರೆ ಒಂದು ಹಳೆಯ ಚಿತ್ರವನ್ನು ಸುಮ್ಮನೆ ಹಸಿರು ಮಾಡಿದರೆ ಸಾಕ್ಷಿಯನ್ನೇ ತಿದ್ದಿದಂತೆ. ಮಾವನ ನಡುವಟ್ಟಂ ಚಿತ್ರದಲ್ಲಿ ಹುಲ್ಲಿನ ಗುಡ್ಡದ ಬಲತುದಿಯಲ್ಲಿ ಸಾಲಾಗಿ ನೆಟ್ಟ ಸಣ್ಣ ಸಸಿಗಳು ಕಾಣುತ್ತವೆ. ಸಾಲು ನೇರವಾಗಿದೆ, ಆದ್ದರಿಂದ ನೆಟ್ಟದ್ದೇ. ಅದೇ ಗುಡ್ಡದಲ್ಲಿ ಇವತ್ತು ಬಸ್ಸಿನ ಕಿಟಕಿಯಿಂದ ಹುಲ್ಲು ಕಾಣುವುದಿಲ್ಲ.

ಹೀಗೆ ನೋಡುತ್ತ ನೋಡುತ್ತ ಅದೇ ಜಾಗಗಳಿಂದ ಮತ್ತೆ ಫೋಟೋ ತೆಗೆಯಬೇಕೆಂಬ ಆಸೆ ಹುಟ್ಟಿತು. ಕಳೆದ ಚಳಿಗಾಲದಲ್ಲಿ ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಮಸಿನಗುಡಿಗೆ ಹೋದೆ. ಅವರ ಬಲಗಣ್ಣು ಈಗ ಹೆಚ್ಚು ಕಾಣುವುದಿಲ್ಲ, ಎಡಗಣ್ಣಿಗೆ ಭೂತಗನ್ನಡಿ ಬೇಕು. ಆದರೆ ಎಲ್ಲಿ ನಿಲ್ಲಬೇಕು ಎಂಬುದು ಅವರ ಕಾಲಿಗೆ ನೆನಪಿದೆ.

ಅದೇ ಜಾಗ ಹುಡುಕುವುದಕ್ಕೆ ಒಂದು ಸರಳ ಉಪಾಯವಿದೆ. ಹಳೆಯ ಚಿತ್ರದಲ್ಲಿ ಹತ್ತಿರದ ಒಂದು ಬಂಡೆ, ದೂರದ ಒಂದು ಶಿಖರ ಆರಿಸಿಕೊಳ್ಳಿ. ಚಿತ್ರದಲ್ಲಿ ಶಿಖರ ಬಂಡೆಯ ಎಡ ಅಂಚಿಗೆ ಸರಿಯಾಗಿ ಕೂತಿದ್ದರೆ, ನೀವೂ ಅದು ಹಾಗೆ ಕೂರುವವರೆಗೆ ಎಡಕ್ಕೆ, ಬಲಕ್ಕೆ ಸರಿಯಿರಿ. ಅದೇ ತಿಂಗಳು, ಅದೇ ಹೊತ್ತು ಆದರೆ ನೆರಳೂ ಹೊಂದುತ್ತದೆ. ಬಂಡೆ ಸಿಕ್ಕದಿದ್ದರೆ ಕಷ್ಟ, ಶಿಖರ ಎಲ್ಲೂ ಹೋಗುವುದಿಲ್ಲ. ಮಸಿನಗುಡಿಯಲ್ಲಿ ನಿಂತು ದಕ್ಷಿಣಕ್ಕೆ ತಿರುಗಿದರೆ ನೀಲಗಿರಿ ಗೋಡೆಯ ಹಾಗೆ ಎದ್ದಿದೆ, ಸಾವಿರ ಮೀಟರಿಗೂ ಮೇಲೆ. ಅದರ ಅಂಚನ್ನು ಯಾವ ರೆಸಾರ್ಟಿಗೂ ಬದಲಿಸಲಾಗಿಲ್ಲ.

ಬುಡದಲ್ಲಿ ಮಾತ್ರ ಎಲ್ಲ ಬದಲಾಗಿದೆ. ಮಾವನ ಚಿತ್ರದಲ್ಲಿ ಬಯಲು, ಅಲ್ಲಲ್ಲಿ ಮರ, ದನಗಳ ದೊಡ್ಡ ಮಂದೆ. ನಮ್ಮ ಮುಂದೆ ಎದೆಯೆತ್ತರದ ಲಂಟಾನ. ಅದರ ಆಚೆ ಹಳದಿ ಹೂ ಬಿಡುವ ಸೆನ್ನಾ ಮರಗಳು. ಹೂ ಬಿಟ್ಟಾಗ ಫೋಟೋಗೆ ಅದ್ಭುತ, ಆದರೆ ಅದರ ಕೆಳಗೆ ಹುಲ್ಲು ಬೆಳೆಯದು, ಜಿಂಕೆ ಆನೆಗಳಿಗೆ ಮೇವಿಲ್ಲ. ಮುದುಮಲೆಯಲ್ಲೂ ನಮ್ಮ ಬಂಡೀಪುರದಲ್ಲೂ ಅರಣ್ಯ ಇಲಾಖೆ ಅದನ್ನು ಕಿತ್ತುಹಾಕುವ ಹೋರಾಟದಲ್ಲಿದೆ. ಇಲ್ಲಿ ಆನೆಗಳ ದಾರಿಗೆ ಅಡ್ಡ ಬಂದ ರೆಸಾರ್ಟುಗಳ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಅಕ್ಟೋಬರ್‌ನಲ್ಲಿ ಕೋರ್ಟು ಆನೆಗಳ ಕಾರಿಡಾರನ್ನು ಎತ್ತಿಹಿಡಿಯಿತು. 2023ರಲ್ಲಿ ತೆಪ್ಪಕಾಡಿನ ಆನೆ ಶಿಬಿರದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದ ಮೇಲಂತೂ ಕ್ಯಾಮೆರಾ ಹಿಡಿದು ಬರುವವರು ಹೆಚ್ಚಿದ್ದಾರೆ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ಒಂದು ಸಿಗ್ನೇಚರ್ ಫ್ರೇಮಿಗಾಗಿ ಇದನ್ನು ಮುರಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸಿಂಗಾರದ ಕಡೆಯ ಮಾವನ ಮೂರು ಜಾಗಗಳಿಗೆ ನಮಗೆ ಹೋಗಲಾಗಲಿಲ್ಲ, ಚೆಕ್‌ಪೋಸ್ಟಿನಲ್ಲೇ ತಿರುಗಿಸಿದೆವು. ಆ ಮೂರು ಹಳೆಯ ಚಿತ್ರಗಳ ಪಕ್ಕ ಹೊಸದು ಇರುವುದಿಲ್ಲ. ಇರದಿದ್ದರೆ ಏನೂ ನಷ್ಟವಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ತಂತಿಯ ಮಾತು ತೆಗೆದೆ. ಮಾವನ ಹೆಚ್ಚಿನ ಚಿತ್ರಗಳಲ್ಲಿ ಎಲ್ಲೋ ಒಂದು ಕಡೆ ಕಂಬ, ತಂತಿ ಅಥವಾ ಟವರ್ ಇದೆ.

‘ಮಾವ, ಈ ತಂತಿ ತೆಗೆದುಬಿಟ್ರೆ ಗುಡ್ಡ ಇನ್ನೂ ಚೆನ್ನಾಗಿ ಕಾಣುತ್ತೆ ಅಂತಾರೆ ನಮ್ಮ ಹುಡುಗರು.’

‘ತೆಗೀಲಿ. ಆಮೇಲೆ ನಾನು ಆ ಗುಡ್ಡಕ್ಕೆ ಯಾಕೆ ಹತ್ತಿದ್ದೆ ಅಂತ ಅವರನ್ನೇ ಕೇಳು.’

ಸ್ವಲ್ಪ ದೂರ ಸುಮ್ಮನಿದ್ದು ಮತ್ತೆ ಹೇಳಿದರು: ‘ಆ ತಂತಿ ಎಳೆಯೋವಾಗ ನಮ್ಮ ಜೊತೆ ಇದ್ದವನು ಒಬ್ಬ ಈಗಿಲ್ಲ. ಫೋಟೋದಲ್ಲಿ ಅವನು ಬಿದ್ದಿಲ್ಲ. ತಂತಿ ಬಿದ್ದಿದೆ.’

ಅಲ್ಲಿಗೆ ನನ್ನ ಪಾಲಿಗೆ ಒಂದು ಗೆರೆ ಎಳೆದಂತಾಯಿತು. ಚಿತ್ರ ತೆಗೆದ ಮೇಲೆ ನೆಗೆಟಿವ್ ಮೇಲೆ ಬಂದು ಕೂತದ್ದನ್ನು ತೆಗೆಯುತ್ತೇನೆ: ಧೂಳು, ಗೀರು, ಬೂಷ್ಟು, ಬೆರಳಚ್ಚು. ಕ್ಯಾಮೆರಾದ ಮುಂದೆ ಇದ್ದದ್ದನ್ನು ಬಿಡುತ್ತೇನೆ. ಇದರಲ್ಲೂ ತಕರಾರು ಬರುತ್ತದೆ. ಕ್ಲಿಕ್ಕಿನ ಹಿಂಬಾಗಿಲು ಸರಿಯಾಗಿ ಮುಚ್ಚದೆ ಬೆಳಕು ಸೋರಿ ಕೆಲವು ಚಿತ್ರಗಳ ಅಂಚಿನಲ್ಲಿ ಬೆಳ್ಳಗಿನ ಪಟ್ಟೆ ಇದೆ. ಅದು ಗುಡ್ಡದ್ದೂ ಅಲ್ಲ, ಬೂಷ್ಟಿನದೂ ಅಲ್ಲ. ಮೂಲ ಕಡತದಲ್ಲಿ ಹಾಗೇ ಇಟ್ಟು, ಪ್ರಿಂಟಿನಲ್ಲಿ ಮಾತ್ರ ಕತ್ತರಿಸುತ್ತೇನೆ. ಸರಿಯೋ ತಪ್ಪೋ, ಇನ್ನೊಬ್ಬರು ಬೇರೆ ಥರ ಮಾಡಬಹುದು.

ಕ್ಯಾಲೆಂಡರ್ ಸಭೆಯಲ್ಲಿ ದೊಡ್ಡ ಚರ್ಚೆಯಾದದ್ದು ತಂತಿಯ ಬಗ್ಗೆ ಅಲ್ಲ, ಮನೆಗಳ ಬಗ್ಗೆ. ಓ-ವ್ಯಾಲಿ ಕಡೆಯ ಒಂದು ಚಿತ್ರ, ಲಕೋಟೆಯ ಮೇಲೆ ‘79’ ಎಂದಷ್ಟೇ ಇದೆ. ಮೇಲೆ ಮಂಜು ಬಿಚ್ಚಿಕೊಳ್ಳುತ್ತಿರುವ ಬೆಟ್ಟ, ನಡುವೆ ಚಹಾ, ಕೆಳಗಿನ ಎಡ ಮೂಲೆಯಲ್ಲಿ ತಗಡಿನ ಸೂರಿನ ಲೈನ್ ಮನೆಗಳು. ಮಾವನ ಕರೆಂಟು ಲೈನಲ್ಲ, ತೋಟದ ಕೂಲಿಯವರ ಸಾಲುಮನೆ. ಅದಕ್ಕೂ ಲೈನೇ ಅನ್ನುವುದು. ಸೂರಿನ ಮೇಲೆ ಕಲ್ಲು ಹೇರಿದ್ದಾರೆ, ಮುಂದೆ ಹಗ್ಗದಲ್ಲಿ ಬಟ್ಟೆ ಹಾಕಿದ್ದಾರೆ. ಆ ಮೂಲೆ ತೆಗೆದರೆ ಜೂನ್ ತಿಂಗಳಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ ಎಂದು ಎಲ್ಲರ ಅಭಿಪ್ರಾಯ. ನಾನು ಬೇಡ ಎಂದೆ. ತೀರ್ಮಾನ ಮುಂದಕ್ಕೆ ಹೋಯಿತು.

ಈ ನಡುವೆ ಗೂಡಲೂರಿನಲ್ಲಿ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಮಾವ ಲ್ಯಾಪ್‌ಟಾಪ್ ತೆರೆಸಿ ನಾಲ್ಕಾರು ಜನರಿಗೆ ಚಿತ್ರಗಳನ್ನು ತೋರಿಸಿದರು. ಗಾಯನ ವೃಂದದಲ್ಲಿ ಹಾಡುವ ಒಬ್ಬ ಅಕ್ಕ ಇದ್ದಾರೆ. ಅವರ ಅಪ್ಪ ಅಮ್ಮ ಸಿಲೋನಿನಿಂದ ಬಂದವರು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅವರೂ ಮಾಡಿಕೊಂಡ ಒಪ್ಪಂದದ ಪ್ರಕಾರ ಅಲ್ಲಿಯ ತೋಟಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ತಮಿಳರನ್ನು ಭಾರತಕ್ಕೆ ಕಳಿಸಿದರಲ್ಲ, ಅವರಿಗೆ ಕೆಲಸ ಕೊಡಲೆಂದೇ 1968ರಿಂದ ನೀಲಗಿರಿಯಲ್ಲಿ ಸರ್ಕಾರ ಚಹಾ ತೋಟ ಹಾಕಿತು. ಖಾಸಗಿ ತೋಟಗಳಿಗೂ ಬಹಳ ಜನ ಸೇರಿಕೊಂಡರು. ಓ-ವ್ಯಾಲಿಯ ಚಿತ್ರ ಬಂದಾಗ ಆ ಅಕ್ಕ ಬೆರಳು ಇಟ್ಟು ನಿಲ್ಲಿಸಿದರು. ಮೂಲೆಯನ್ನು ದೊಡ್ಡದು ಮ��ಡಲು ಹೇಳಿದರು. ಚೌಕ ನೆಗೆಟಿವ್ ದೊಡ್ಡದಿರುವುದರಿಂದ ಕ್ಲಿಕ್ಕಿನ ಬಡ ಲೆನ್ಸಿನಲ್ಲೂ ಸಾಕಷ್ಟು ಹಿಡಿದಿರುತ್ತದೆ. ಮೂರನೆಯ ಬಾಗಿಲ ಹತ್ತಿರ ಒಂದು ಕಲ್ಲು, ಕಲ್ಲಿನ ಪಕ್ಕ ಕೂತ ಯಾರೋ ಒಬ್ಬರು. ಮುಖ ಎಂದರೆ ಅಕ್ಕಿಕಾಳಿನಷ್ಟು ಬೆಳಕು.

ತಾವು ಹುಟ್ಟಿದ್ದು ಆ ಮೂರನೆಯ ಮನೆಯಲ್ಲಿ ಎಂದರು. ಆ ಲೈನು ಒಂದು ಮಳೆಗಾಲದಲ್ಲಿ ಕುಸಿದು, ಆಮೇಲೆ ಅಲ್ಲೂ ಚಹಾ ನೆಟ್ಟರಂತೆ. ಮನೆಯದೊಂದು ಫೋಟೋ ಇಲ್ಲ, ಅಮ್ಮನದೂ ಇಲ್ಲ. ಮಾವ ಮಾತ್ರ ಒಪ್ಪಲಿಲ್ಲ. ‘ಇದು ಮೇಲಿನ ಲೈನು ಕಣಮ್ಮ, ನಿಮ್ಮದು ತೋಡಿನ ಆ ಕಡೆ’ ಎಂದು ವಾದ. ಅಕ್ಕ ತೋಡನ್ನು ತೋರಿಸಿದರು, ಮಾವ ಅದು ರಸ್ತೆ ಎಂದರು. ಇಬ್ಬರೂ ಭೂತಗನ್ನಡಿ ಹಂಚಿಕೊಂಡು ಅರ್ಧ ಗಂಟೆ ಕೂತಿದ್ದರು. ಕೊನೆಗೂ ತೀರ್ಮಾನವಾಗಲಿಲ್ಲ. ಆದರೆ ಅಕ್ಕ ಒಂದು ಪ್ರಿಂಟು ಕೇಳಿದರು. ಬೆಟ್ಟ ಬೇಡ, ಮೂಲೆ ಮಾತ್ರ ಸಾಕು ಎಂದರು.

ಮಾಡಿಕೊಟ್ಟೆ. ಕಾಳು ಕಾಳಾಗಿ ಬಂದಿದೆ, ಬಟ್ಟೆ ಹಾಕಿದ ಹಗ್ಗ ಚೆನ್ನಾಗಿ ಕಾಣುತ್ತದೆ. ಎಐನಲ್ಲಿ ಮುಖವನ್ನು ಸ್ಪಷ್ಟ ಮಾಡಬಹುದಲ್ಲ ಎಂದು ಅವರ ಮಗ ಕೇಳಿದ. ಮಾಡಬಹುದು, ಆದರೆ ಬರುವ ಮುಖ ಯಂತ್ರ ಊಹಿಸಿದ್ದು, ನಿಮ್ಮ ಅಜ್ಜಿಯದಲ್ಲ ಎಂದು ಬಿಡಿಸಿ ಹೇಳಿದೆ. ಅವನಿಗೆ ನಿರಾಸೆಯಾಯಿತು ಎಂದು ಕಾಣುತ್ತದೆ. ಅಕ್ಕ ಏನೂ ಹೇಳಲಿಲ್ಲ, ಪ್ರಿಂಟನ್ನು ಪ್ರಾರ್ಥನಾ ಪುಸ್ತಕದೊಳಗೆ ಇಟ್ಟುಕೊಂಡರು.

ಜೂನ್ ತಿಂಗಳ ಪುಟದಲ್ಲಿ ಆ ಚಿತ್ರ ಮೂಲೆಯ ಸಮೇತ ಅಚ್ಚಾಗಿದೆ. ಜನವರಿ ಪುಟ ಕಪ್ಪುಬಿಳುಪಿನಲ್ಲೇ ಇದೆ. ಕಲರ್ ಬೇಕಿದ್ದವರಿಗೆ ನನ್ನ ಕ್ಯಾಮೆರಾದ ನಾಲ್ಕು ಮಸಿನಗುಡಿ ಚಿತ್ರ ಸೇರಿಸಿ ರಾಜಿಯಾಯಿತು, ಅದರಲ್ಲೊಂದರಲ್ಲಿ ಸೆನ್ನಾ ಹೂವೂ ಇದೆ. ಯಾವ ಮರ ಎಂದು ಕೆಳಗೆ ಬರೆಸಿದ್ದೇನೆ.

ಡಬ್ಬದಲ್ಲಿ ಇನ್ನೂ ನಲವತ್ತೊಂದು ನೆಗೆಟಿವ್ ಬಾಕಿ ಇವೆ. ಒಂಬತ್ತಕ್ಕೆ ಹುಳಿ ವಾಸನೆ ಶುರುವಾಗಿದೆ, ಅವನ್ನು ಬೇರೆ ಲಕೋಟೆಗೆ ಹಾಕಿಟ್ಟಿದ್ದೇನೆ. ಅದರಲ್ಲೊಂದು ಈಗಾಗಲೇ ಅಂಚಿನಲ್ಲಿ ಸುಕ್ಕುಗಟ್ಟಿದೆ. ಬೆಳಕಿಗೆ ಹಿಡಿದರೆ ಮಂಜು, ಒಂದು ಕಂಬ, ಕಂಬದ ಮೇಲೆ ಒಬ್ಬ ಮನುಷ್ಯ. ಮಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಏನೂ ಮಾತಾಡದೆ, ಶನಿವಾರ ಬರುವಾಗ ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡು ಬಾ ಎಂದರು.